ಡೌನ್ ಅಂದ್ರೆ ಕೆಳಗೆ ಅಲ್ಲ

ಓಮ್, ವ್ಯಾಟ್, ಹರ್ಟ್ಜ್ ಎಲ್ಲಾ ಮನುಷ್ಯರ ಹೆಸರು ಅಂತ ನಮಗೆ ಮೊದಲ ಸೆಮಿಸ್ಟರಲ್ಲೇ ಗೊತ್ತಾಗುತ್ತೆ. ಆದರೆ ಡೌನ್ ಸಿಂಡ್ರೋಮ್ ಅನ್ನೋ ಮಾತು ಬಂದಾಗ, ಆ ಡೌನ್ ಕೂಡ ಒಬ್ಬ ಮನುಷ್ಯನ ಹೆಸರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೆದಿತ್ತು? ನಿಜ ಹೇಳಬೇಕಂದ್ರೆ, ಈ ಲೇಖನಕ್ಕೆ ಕೂರೋ ತನಕ ನಮ್ಮಲ್ಲಿ ಅರ್ಧ ಜನ ಅದನ್ನ ಕೆಳಗೆ ಅನ್ನೋ ಅರ್ಥದ ಇಂಗ್ಲಿಷ್ ಪದ ಅಂತಲೇ ತಿಳಿದಿದ್ವಿ. ಬುದ್ಧಿ ಕೆಳಗಿದೆ, ಅದಕ್ಕೇ ಡೌನ್ ಅಂತ ನಾವೇ ಒಂದು ಅರ್ಥ ಕಟ್ಟಿಕೊಂಡಿದ್ವಿ. ಹೆಸರು ನೋಡಿ ಅರ್ಥ ಕಟ್ಟಿಕೊಳ್ಳೋ ಈ ಅಭ್ಯಾಸ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ಆ ಡೌನ್ ಅವರ ಬದುಕೇ ಒಳ್ಳೆಯ ಉದಾಹರಣೆ. ಆದ್ದರಿಂದ ಈ ಸಲ ಅವರ ಕತೆ.

ಪೂರ್ತಿ ಹೆಸರು ಜಾನ್ ಲ್ಯಾಂಗ್ಡನ್ ಡೌನ್. ಹುಟ್ಟಿದ್ದು 1828ರ ನವೆಂಬರ್ 18ರಂದು, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿರುವ ಟಾರ್‌ಪಾಯಿಂಟ್ ಅನ್ನೋ ಸಣ್ಣ ಊರಲ್ಲಿ. ಅಪ್ಪನದು ಔಷಧಿ, ದಿನಸಿ ಎರಡೂ ಸಿಗುವಂಥ ಅಂಗಡಿ. ಮನೆ ತುಂಬ ಮಕ್ಕಳು, ಜಾನ್ ಕಿರಿಯರಲ್ಲೊಬ್ಬ. 14ನೇ ವಯಸ್ಸಿಗೆ ಸ್ಕೂಲು ಬಿಡಿಸಿ ಅಂಗಡಿಯಲ್ಲಿ ಕೂರಿಸಿದರು. ಮುಂದಿನ ನಾಲ್ಕು ವರ್ಷ ಹುಡುಗ ಸಾಮಾನು ತೂಗಿದ, ಪುಡಿ ಕಟ್ಟಿದ, ಲೆಕ್ಕ ಬರೆದ. ಓದು ಅಲ್ಲಿಗೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಆ ದಿನಗಳ ಒಂದು ಘಟನೆಯನ್ನ ಅವರೇ ವಯಸ್ಸಾದ ಮೇಲೆ ನೆನೆಸಿಕೊಂಡಿದ್ದಾರೆ. ಮನೆಯವರ ಜೊತೆ ಹೊರಗೆ ಹೋಗಿದ್ದಾಗ ಜೋರು ಮಳೆ ಬಂತು. ಹತ್ತಿರದ ಒಂದು ಗುಡಿಸಲಲ್ಲಿ ಎಲ್ಲರೂ ನಿಂತರು. ಅಲ್ಲಿ ಇವರನ್ನ ಉಪಚರಿಸಿದ್ದು ಬುದ್ಧಿಯ ಬೆಳವಣಿಗೆ ಕಮ್ಮಿಯಿದ್ದ ಒಬ್ಬ ಹುಡುಗಿ. ಈ ಹುಡುಗಿಗೆ ಏನೂ ಮಾಡೋಕಾಗಲ್ವಾ ಅನ್ನೋ ಪ್ರಶ್ನೆ ಹದಿನೆಂಟರ ಜಾನ್ ತಲೆಯಲ್ಲಿ ಕೂತುಬಿಡ್ತು. ಆಗ ಅವನಿನ್ನೂ ಡಾಕ್ಟರಲ್ಲ, ಡಾಕ್ಟರಾಗೋ ಯೋಚನೆಯೂ ಇರಲಿಲ್ಲ.

ಅದೇ ವಯಸ್ಸಲ್ಲಿ ಲಂಡನ್‌ಗೆ ಹೋದ. ವೈಟ್‌ಚಾಪೆಲ್ ರಸ್ತೆಯ ಒಬ್ಬ ಸರ್ಜನ್ ಹತ್ತಿರ ಕೆಲಸ: ಬಾಟಲಿ ತೊಳೆಯೋದು, ಔಷಧಿ ಕಟ್ಟೋದು, ರೋಗಿಗಳ ಹಲ್ಲು ಕೀಳೋದು. ಆಮೇಲೆ ಬ್ಲೂಮ್ಸ್‌ಬರಿ ಚೌಕದಲ್ಲಿದ್ದ ಔಷಧಶಾಸ್ತ್ರದ ಪ್ರಯೋಗಾಲಯ ಸೇರಿ, ಸಾವಯವ ರಸಾಯನಶಾಸ್ತ್ರದಲ್ಲಿ ಬಹುಮಾನ ಗಿಟ್ಟಿಸಿದ. ಇಲ್ಲೇ ಮೈಕೆಲ್ ಫ್ಯಾರಡೆಯವರ ಪರಿಚಯವೂ ಆಯ್ತು. ಹೌದು, ನಮ್ಮ ಎಲೆಕ್ಟ್ರಿಕಲ್‌ನವರು ದಿನಾ ನೆನೆಸೋ ಅದೇ ಫ್ಯಾರಡೆ! ಅನಿಲಗಳ ಮೇಲಿನ ಅವರ ಕೆಲಸಕ್ಕೆ ಜಾನ್ ಸ್ವಲ್ಪ ಕೈಜೋಡಿಸಿದ್ದೂ ಉಂಟು. ಆದರೆ ಊರಲ್ಲಿ ಅಪ್ಪನಿಗೆ ಅಂಗಡಿ ನೋಡಿಕೊಳ್ಳೋಕೆ ಜನ ಬೇಕಿತ್ತು, ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಎಲ್ಲಾ ಬಿಟ್ಟು ಟಾರ್‌ಪಾಯಿಂಟ್‌ಗೆ ವಾಪಸ್ ಹೋಗಬೇಕಾಯ್ತು. 1853ರಲ್ಲಿ ಅಪ್ಪ ತೀರಿಕೊಂಡರು. ಆ ವರ್ಷವೇ, ತನ್ನ 25ನೇ ವಯಸ್ಸಿನ ಹತ್ತಿರ, ಜಾನ್ ಲಂಡನ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿ ಸೇರಿದ. ಜೊತೆಯ ಹುಡುಗರಿಗಿಂತ ವಯಸ್ಸಲ್ಲಿ ದೊಡ್ಡವನು, ಮಾರ್ಕ್ಸಲ್ಲೂ ಮುಂದೆ. 1856ರಲ್ಲಿ ವೈದ್ಯನಾಗಿ ಹೊರಬಂದಾಗ ಕೈ ತುಂಬ ಪದಕಗಳಿದ್ದವು.

ಇಂಥ ರಿಸಲ್ಟ್ ಇದ್ದವರು ಲಂಡನ್‌ನಲ್ಲಿ ದೊಡ್ಡ ಪ್ರಾಕ್ಟೀಸ್ ಇಟ್ಟುಕೊಳ್ಳುತ್ತಾರೆ ಅಂತ ಯಾರಾದ್ರೂ ಎಣಿಸ್ತಾರೆ. ಆದರೆ 1858ರಲ್ಲಿ ಡಾಕ್ಟರ್ ಡೌನ್ ಆರಿಸಿಕೊಂಡಿದ್ದು ಸರ್ರೆಯ ಅರ್ಲ್ಸ್‌ವುಡ್ ಅನ್ನೋ ಆಶ್ರಯಧಾಮದ ಮುಖ್ಯ ವೈದ್ಯರ ಹುದ್ದೆ. ಆ ಸಂಸ್ಥೆಯ ಹೆಸರಲ್ಲೇ ಈಡಿಯಟ್ ಅನ್ನೋ ಪದ ಇತ್ತು. ನಾವು ಹಾಸ್ಟೆಲಲ್ಲಿ ಒಬ್ಬರಿಗೊಬ್ಬರು ಸಲೀಸಾಗಿ ಎಸೆಯೋ ಈ ಪದ ಆಗಿನ ವೈದ್ಯರ ಪುಸ್ತಕದಲ್ಲಿ ಒಂದು ರೋಗನಿರ್ಣಯ. ಅಷ್ಟೇ ಅಲ್ಲ, ಅದೇ ಕೊನೆಯ ನಿರ್ಣಯ. ಒಬ್ಬರನ್ನ ಈಡಿಯಟ್ ಅಂತ ಬರೆದ ಮೇಲೆ ಅವರ ಬಗ್ಗೆ ತಿಳಿಯೋಕೆ ಇನ್ನೇನೂ ಉಳಿದಿಲ್ಲ ಅಂತ ಅರ್ಥ.

ಡೌನ್ ಅಲ್ಲಿಗೆ ಹೋದಾಗ ಸಂಸ್ಥೆಯ ಸ್ಥಿತಿ ಚೆನ್ನಾಗಿರಲಿಲ್ಲ, ಸರ್ಕಾರದ ತಪಾಸಣೆಗಾರರೇ ತಕರಾರು ಎತ್ತಿದ್ದರು. ಡೌನ್ ಮೊದಲು ಶಿಕ್ಷೆ ಕೊಡೋದನ್ನ ನಿಲ್ಲಿಸಿದರು. ಸ್ವಚ್ಛತೆ ಬಂತು, ಒಳ್ಳೆ ಊಟ ಬಂತು. ಎಲ್ಲರೂ ಮೇಜಿನ ಮುಂದೆ ಕೂತು, ಚಾಕು ಫೋರ್ಕ್ ಹಿಡಿದು ತಿನ್ನೋದನ್ನ ಕಲಿತರು. ತೋಟಗಾರಿಕೆ, ಮರಗೆಲಸ, ಕೈಕಸುಬುಗಳ ತರಬೇತಿ ಶುರುವಾಯ್ತು. 1860ರಲ್ಲಿ ಮೇರಿ ಕ್ರೆಲಿನ್ ಅವರನ್ನ ಮದುವೆಯಾದರು. ಮೇರಿ ಬರೀ ಡಾಕ್ಟರ ಹೆಂಡತಿಯಾಗಿ ಮನೆಯಲ್ಲಿ ಕೂತವರಲ್ಲ, ಸಂಬಳವಿಲ್ಲದೆ ಅರ್ಲ್ಸ್‌ವುಡ್‌ನ ಕೆಲಸದಲ್ಲಿ ಗಂಡನಷ್ಟೇ ದುಡಿದರು.

ಅರ್ಲ್ಸ್‌ವುಡ್‌ನ ಮರಗೆಲಸದ ಶಾಲೆಯಲ್ಲಿ ಜೇಮ್ಸ್ ಹೆನ್ರಿ ಪುಲೆನ್ ಅಂತ ಒಬ್ಬರಿದ್ದರು. ಕಿವಿ ಸರಿಯಾಗಿ ಕೇಳದು, ಮಾತು ಹೆಚ್ಚುಕಮ್ಮಿ ಇಲ್ಲ. ಆದರೆ ಇಂಜಿನಿಯರ್ ಬ್ರೂನೆಲ್ ಕಟ್ಟಿದ ಗ್ರೇಟ್ ಈಸ್ಟರ್ನ್ ಹಡಗಿನ ಹತ್ತು ಅಡಿಯ ಮಾದರಿಯನ್ನ, ಅದರ ಸಾವಿರಾರು ಸಣ್ಣ ಭಾಗಗಳನ್ನೂ ತಾವೇ ತಯಾರಿಸಿ, ಏಳು ವರ್ಷ ಕೂತು ಕಟ್ಟಿದರು. ನಾವು ಒಂದು ಮಿನಿ ಪ್ರಾಜೆಕ್ಟ್‌ಗೆ ಹದಿನೈದು ದಿನ ಕೊಡೋಕೆ ಅಳ್ತೀವಿ. ಮುಂದೆ 1887ರಲ್ಲಿ, ಒಂದು ವಿಷಯದಲ್ಲಿ ಮಾತ್ರ ಅಪಾರ ಪ್ರತಿಭೆಯಿರುವ ಇಂಥವರನ್ನ ಗುರುತಿಸೋಕೆ ಸವಾಂಟ್, ಅಂದರೆ ಬಲ್ಲವನು, ಅನ್ನೋ ಪದವನ್ನ ಈಡಿಯಟ್ ಪಕ್ಕದಲ್ಲಿ ಸೇರಿಸಿದ್ದು ಡೌನ್ ಅವರೇ.

ಅರ್ಲ್ಸ್‌ವುಡ್‌ನ ಹತ್ತು ವರ್ಷ ಡೌನ್ ಮಾಡಿದ ಇನ್ನೊಂದು ಕೆಲಸ ಅಳತೆ. ಫೋಟೋಗ್ರಫಿ ಹೊಸದಾಗಿದ್ದ ಕಾಲದಲ್ಲಿ ಕ್ಯಾಮೆರಾ ಹಿಡಿದು, ಅಲ್ಲಿದ್ದವರ ಸುಮಾರು 200 ಫೋಟೋ ತೆಗೆದರು. ತಲೆ ಅಳೆದರು, ಬಾಯಿಯ ಒಳಗಿನ ಅಂಗುಳ ಅಳೆದರು. ಅದೇ ವಯಸ್ಸಿನ ಬೇರೆಯವರ ಅಂಗುಳದ ಜೊತೆ ಹೋಲಿಸಿ, ಇವರಲ್ಲಿ ಅದು ಕಿರಿದು, ಕಮಾನಿನಂತೆ ಎತ್ತರ ಅಂತ 1862ರಲ್ಲಿ ಬರೆದರು. ಬುದ್ಧಿಯ ತೊಂದರೆಗೂ ಬಾಯಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಅಲ್ಲೇ ಇರೋದು ವಿಷಯ. ಬೇರೆಯವರಿಗೆ ತಲೆಯ ರೋಗವಾಗಿ ಕಂಡದ್ದು ಡೌನ್‌ಗೆ ಇಡೀ ದೇಹದ ವಿಷಯವಾಗಿ ಕಂಡಿತ್ತು. ಬಾಯಿ ಹೀಗಿದ್ದರೆ ಮಗು ಹಾಲು ಹೇಗೆ ಕುಡಿಯುತ್ತೆ, ಹೇಗೆ ಅಗಿಯುತ್ತೆ, ಹೇಗೆ ನುಂಗುತ್ತೆ ಅನ್ನೋದೂ ಬದಲಾಗುತ್ತೆ. ಇವತ್ತಿಗೂ ಡೌನ್ ಸಿಂಡ್ರೋಮ್ ಇರುವ ಶಿಶುವಿನ ಮೊದಲ ಕಷ್ಟಗಳಲ್ಲಿ ಒಂದು ಹಾಲು ಚೀಪೋದು.

1864ರಲ್ಲಿ ಇನ್ನೊಂದು ವರದಿ ಬರೆದರು. ಗಿಡ್ಡನೆಯ, ವಿಪರೀತ ಬೊಜ್ಜಿನ, ಬುದ್ಧಿಯ ಬೆಳವಣಿಗೆ ಕಮ್ಮಿಯಿದ್ದ ಒಬ್ಬ ಹುಡುಗಿಯ ಬಗ್ಗೆ. ಆಕೆಯನ್ನ ಹೊಟ್ಟೆಬಾಕಿ ಅಂತ ತಳ್ಳಿಹಾಕಬಹುದಿತ್ತು. ಡೌನ್ ಅದನ್ನ ಒಂದು ಕಾಯಿಲೆ ಅಂತ ನೋಡಿ, ಚಿಕಿತ್ಸೆ ಹುಡುಕಿದರು. ಸುಮಾರು 90 ವರ್ಷ ಆದಮೇಲೆ, 1956ರಲ್ಲಿ, ಸ್ವಿಟ್ಜರ್ಲೆಂಡಿನ ವೈದ್ಯರು ಇಂಥದೇ ಲಕ್ಷಣಗಳ ಕಾಯಿಲೆಯನ್ನ ವಿವರಿಸಿದರು. ಈಗ ಅದಕ್ಕೆ ಪ್ರೇಡರ್-ವಿಲ್ಲಿ ಸಿಂಡ್ರೋಮ್ ಅಂತಾರೆ. ಡೌನ್ ಕಂಡ ಹುಡುಗಿಗೂ ಅದೇ ಇದ್ದಿರಬೇಕು ಅನ್ನೋದು ಹಲವು ವೈದ್ಯರ ಅಭಿಪ್ರಾಯ.

ಈ ಕಾಯಿಲೆ ನಮಗೆ ಯಾಕೆ ಮುಖ್ಯ ಅಂದರೆ, ಎಪಿಜೆನೆಟಿಕ್ಸ್ ಅನ್ನೋದನ್ನ ತಿಳಿಯೋಕೆ ಇದಕ್ಕಿಂತ ನೇರ ಉದಾಹರಣೆ ಸಿಗೋದು ಕಷ್ಟ. ನಮ್ಮ ಜೀನ್‌ಗಳನ್ನ ಒಂದು ಅಡುಗೆ ಪುಸ್ತಕ ಅಂದುಕೊಳ್ಳಿ. ಪ್ರತಿ ಪುಟಕ್ಕೂ ಎರಡು ಪ್ರತಿ, ಒಂದು ಅಮ್ಮನಿಂದ ಒಂದು ಅಪ್ಪನಿಂದ. ಯಾವ ಪುಟ ಓದಬೇಕು, ಯಾವುದನ್ನ ಬಿಡಬೇಕು ಅಂತ ಹೇಳೋ ಸಣ್ಣ ಸಣ್ಣ ಚೀಟಿಗಳನ್ನ ಜೀವಕೋಶವೇ ಪುಟಗಳ ಮೇಲೆ ಅಂಟಿಸಿರುತ್ತೆ. ರಾಸಾಯನಿಕವಾಗಿ ನೋಡಿದರೆ ಇವು ಡಿಎನ್‌ಎಗೆ ಅಂಟಿದ ಮೀಥೈಲ್ ಗುಂಪುಗಳು, ಮತ್ತೆ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲಿನ ಗುರುತುಗಳು. ಅಡುಗೆ ಪುಸ್ತಕದ ಅಕ್ಷರ ಒಂದೂ ಬದಲಾಗಿರಲ್ಲ, ಆದರೆ ಚೀಟಿ ಬದಲಾದರೆ ಅಡುಗೆಯೇ ಬದಲಾಗುತ್ತೆ. ಈ ಚೀಟಿಗಳ ಲೆಕ್ಕಾಚಾರವೇ ಎಪಿಜೆನೆಟಿಕ್ಸ್. 15ನೇ ವರ್ಣತಂತುವಿನ ಒಂದು ಭಾಗದಲ್ಲಿ ಅಮ್ಮನ ಪ್ರತಿಯ ಮೇಲೆ ಓದಬೇಡ ಅನ್ನೋ ಚೀಟಿ ಎಲ್ಲರಲ್ಲೂ ಇರುತ್ತೆ, ಅಪ್ಪನ ಪ್ರತಿ ಮಾತ್ರ ಕೆಲಸ ಮಾಡುತ್ತೆ. ಆ ಅಪ್ಪನ ಪ್ರತಿಯೇ ಕಾಣೆಯಾದರೆ ಪ್ರೇಡರ್-ವಿಲ್ಲಿ ಬರುತ್ತೆ. ಅಮ್ಮನ ಪುಟ ಅಲ್ಲೇ ಇದ್ದರೂ ಓದುವಂತಿಲ್ಲ. ಅಂಥ ಮಗು ಹುಟ್ಟಿದಾಗ ಹಾಲು ಚೀಪೋ ಶಕ್ತಿಯಿಲ್ಲದೆ ಸೊರಗುತ್ತೆ, ಬೆಳೀತಾ ಬೆಳೀತಾ ತೀರದ ಹಸಿವಿಗೆ ಸಿಕ್ಕಿಕೊಳ್ಳುತ್ತೆ.

ಇನ್ನು 1866. ಆ ವರ್ಷ ಲಂಡನ್ ಆಸ್ಪತ್ರೆಯ ವರದಿಯಲ್ಲಿ ಡೌನ್ ಅವರ ಕೆಲವೇ ಪುಟಗಳ ಲೇಖನ ಪ್ರಕಟವಾಯ್ತು. ಅವರ ಹೆಸರು ಉಳಿದಿದ್ದೂ ಅದರಿಂದಲೇ, ಹೆಸರಿಗೆ ಮಸಿ ಹತ್ತಿದ್ದೂ ಅದರಿಂದಲೇ. ಅಲ್ಲಿದ್ದವರಲ್ಲಿ ಒಂದು ಗುಂಪಿನ ಜನ ಒಬ್ಬರಿಗೊಬ್ಬರು ಎಷ್ಟು ಹೋಲುತ್ತಾರಂದ್ರೆ, ಬೇರೆ ಬೇರೆ ತಾಯಂದಿರ ಮಕ್ಕಳು ಅಂತ ನಂಬೋಕಾಗಲ್ಲ ಅನ್ನೋದನ್ನ ಅವರು ಗಮನಿಸಿದ್ದರು. ಅಗಲ ಚಪ್ಪಟೆ ಮುಖ, ಓರೆ ಕಣ್ಣು, ಚಿಕ್ಕ ಮೂಗು, ದಪ್ಪ ನಾಲಿಗೆ. ರಕ್ತ ಸಂಚಾರ ದುರ್ಬಲ, ಬೇಸಿಗೆಯಲ್ಲಿ ಕಲಿತದ್ದು ಚಳಿಗಾಲದಲ್ಲಿ ಸ್ವಲ್ಪ ಹಿಂದೆ ಸರಿಯುತ್ತೆ. ತಮಾಷೆ ಇಷ್ಟ, ಬೇರೆಯವರನ್ನ ಅನುಕರಿಸೋದರಲ್ಲಿ ಎತ್ತಿದ ಕೈ. ತರಬೇತಿ ಕೊಟ್ಟರೆ ಕೈಗಳ ಹಿಡಿತ, ಮಾತು ಎರಡೂ ಸುಧಾರಿಸುತ್ತೆ. ಇದು ಹುಟ್ಟಿದ ಮೇಲೆ ಬರೋದಲ್ಲ, ಗರ್ಭದಲ್ಲೇ ಆಗೋದು ಅಂತಲೂ ಗುರುತಿಸಿದರು. ಫ್ರೆಂಚ್ ವೈದ್ಯರು ಮುಂಚೆಯೇ ಇಂಥವರನ್ನ ನೋಡಿದ್ದರು ನಿಜ, ಆದರೆ ಇದು ಒಂದು ಪ್ರತ್ಯೇಕ ಸ್ಥಿತಿ ಅಂತ ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದು ಡೌನ್.

ಇಲ್ಲಿಗೇ ನಿಲ್ಲಿಸಿದ್ದರೆ! ಆದರೆ ಗಮನಿಸಿದ್ದಕ್ಕೆ ವರ್ಗೀಕರಣ ಬೇಕು ಅನ್ನಿಸಿತು. ಆಗ ಮನುಷ್ಯರನ್ನ ಐದು ಜನಾಂಗಗಳಾಗಿ ಹಂಚುವ ಒಂದು ಪಟ್ಟಿ ಚಾಲ್ತಿಯಲ್ಲಿತ್ತು. ಡೌನ್ ಆ ರೆಡಿಮೇಡ್ ಪಟ್ಟಿಯನ್ನೇ ತಂದು ಇಂಗ್ಲಿಷ್ ಮಕ್ಕಳ ಮುಖಕ್ಕೆ ಹೊಂದಿಸಿದರು. ಈ ಗುಂಪಿಗೆ ಮಂಗೋಲಿಯನ್ ಅಂತ ಹೆಸರಿಟ್ಟರು. ಕಾರಣ ಏನು ಅನ್ನೋದಕ್ಕೆ ಅಪ್ಪ ಅಮ್ಮನಿಗಿದ್ದ ಕ್ಷಯ ಅಂದರು. ಎರಡೂ ತಪ್ಪು.

ಅವರ ಉದ್ದೇಶ ಮಾತ್ರ ಹೆಸರು ಸೂಚಿಸೋವಷ್ಟು ಕೆಟ್ಟದಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದು ಒಂದು ವರ್ಷ ಆಗಿತ್ತಷ್ಟೆ. ಬಿಳಿಯರು, ಕರಿಯರು ಬೇರೆ ಬೇರೆ ಪ್ರಭೇದದ ಪ್ರಾಣಿಗಳು, ಆದ್ದರಿಂದ ಗುಲಾಮಗಿರಿ ತಪ್ಪಲ್ಲ ಅಂತ ವಾದಿಸುವ ವಿದ್ವಾಂಸರಿದ್ದರು. ಡೌನ್ ಅವರ ವಾದ ಇದಕ್ಕೆ ಉಲ್ಟಾ. ಒಂದು ಜನಾಂಗದ ಹೆತ್ತವರಿಗೆ ಇನ್ನೊಂದು ಜನಾಂಗದಂತೆ ಕಾಣೋ ಮಗು ಹುಟ್ಟಬಹುದಾದರೆ, ಜನಾಂಗಗಳ ನಡುವಿನ ಗೋಡೆ ಗಟ್ಟಿಯಲ್ಲ, ಮನುಷ್ಯಕುಲ ಒಂದೇ ಅಂತ ಅವರು ತೀರ್ಮಾನಿಸಿದರು. ತೀರ್ಮಾನ ಸರಿ, ಅಲ್ಲಿಗೆ ಹೋದ ದಾರಿ ತಪ್ಪು. ಜನ ತೀರ್ಮಾನ ಮರೆತರು, ಹೆಸರು ಇಟ್ಟುಕೊಂಡರು. ನೂರು ವರ್ಷ ಆ ಹೆಸರು ಲಕ್ಷಾಂತರ ಮಕ್ಕಳ ಬೆನ್ನಿಗೆ ಬಿತ್ತು, ಜೊತೆಗೆ ಮಂಗೋಲಿಯಾ ಅನ್ನೋ ಒಂದು ಇಡೀ ದೇಶದ ಜನರ ಹೆಸರು ಬೈಗುಳವಾಯ್ತು.

1866ರ ವಿವರಣೆಯಲ್ಲಿ ಇನ್ನೊಂದು ಕೊರತೆ ನಮಗೆ ಕಾಣಿಸಿತು. ಇಷ್ಟು ಸೂಕ್ಷ್ಮವಾಗಿ ನೋಡಿದವರು ಕರುಳಿನ ದೊಡ್ಡ ದೊಡ್ಡ ತೊಂದರೆಗಳನ್ನ ಅಲ್ಲಿ ಯಾಕೆ ಬರೆಯಲಿಲ್ಲ? ಎರಡನೇ ಮಹಾಯುದ್ಧದ ವಿಮಾನಗಳ ಕತೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಕೇಳಿರ್ತೀರಿ. ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ತೂತು ಎಣಿಸಿದರೆ ಸಾಲದು, ವಾಪಸ್ ಬಾರದವು ಎಲ್ಲಿ ಪೆಟ್ಟು ತಿಂದವು ಅಂತ ಯೋಚಿಸಬೇಕು ಅಂತ ಅಬ್ರಹಾಂ ವಾಲ್ಡ್ ತೋರಿಸಿಕೊಟ್ಟದ್ದು. ಅರ್ಲ್ಸ್‌ವುಡ್‌ಗೆ ಬಂದಿದ್ದವರು ಬದುಕಿ ಉಳಿದವರು. ಡೌನ್ ಸಿಂಡ್ರೋಮ್ ಇರುವ ಕೆಲವು ಶಿಶುಗಳಲ್ಲಿ ಜಠರ ಮುಗಿದ ತಕ್ಷಣ ಬರುವ ಕರುಳಿನ ಮೊದಲ ಭಾಗ ಮುಚ್ಚಿಕೊಂಡೇ ಇರುತ್ತೆ. ಕುಡಿದ ಹಾಲು ಮುಂದೆ ಹೋಗಲ್ಲ, ವಾಂತಿಯಾಗುತ್ತೆ. ಹೀಗೆ ಕರುಳು ಮುಚ್ಚಿ ಹುಟ್ಟುವ ಶಿಶುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದಕ್ಕೆ ಡೌನ್ ಸಿಂಡ್ರೋಮ್ ಇರುತ್ತೆ. ಈಗ ಗರ್ಭದಲ್ಲಿದ್ದಾಗಲೇ ಸ್ಕ್ಯಾನಿಂಗಲ್ಲಿ ಎರಡು ಗುಳ್ಳೆಯಂತೆ ಕಾಣುತ್ತೆ, ಹುಟ್ಟಿದ ಕೂಡಲೇ ಆಪರೇಷನ್ ಮಾಡಿ ಸರಿಮಾಡ್ತಾರೆ. ಆಗ ಆ ಮಗು ಕೆಲವೇ ದಿನ ಬದುಕುತ್ತಿತ್ತು. ಡೌನ್ ಅವರ ಕ್ಯಾಮೆರಾ ಮುಂದೆ ಕೂರೋಕೆ ಅದು ಉಳಿಯಲೇ ಇಲ್ಲ.

ಮತ್ತೆ ಡೌನ್ ಅವರ ಬದುಕಿಗೆ ಬರೋಣ. ಅರ್ಲ್ಸ್‌ವುಡ್‌ನ ನಿವಾಸಿಗಳು ಮಾಡಿದ ವಸ್ತುಗಳನ್ನ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಕಳಿಸೋ ವಿಚಾರದಲ್ಲಿ ಆಡಳಿತ ಮಂಡಳಿಗೂ ಡೌನ್‌ಗೂ ಮನಸ್ತಾಪ ಬಂತು. 1868ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅದೇ ವರ್ಷ ಗಂಡ ಹೆಂಡತಿ ಸೇರಿ ಲಂಡನ್ ಪಕ್ಕದ ಟೆಡಿಂಗ್ಟನ್ ಹತ್ತಿರ ಒಂದು ಮನೆ ಕೊಂಡು ತಮ್ಮದೇ ಸಂಸ್ಥೆ ತೆರೆದರು. ಹೆಸರು ನಾರ್ಮನ್ಸ್‌ಫೀಲ್ಡ್. ಖರ್ಚು ಕೊಡಬಲ್ಲ ಮನೆತನಗಳ ಮಕ್ಕಳು ಅಲ್ಲಿಗೆ ಬಂದರು. ಆಗ ಇಂಥ ಮಕ್ಕಳನ್ನ ಶ್ರೀಮಂತರೂ ಮನೆಯ ಹಿಂದಿನ ಕೋಣೆಯಲ್ಲಿ ಬಚ್ಚಿಡುತ್ತಿದ್ದರು. ನಾರ್ಮನ್ಸ್‌ಫೀಲ್ಡ್‌ನಲ್ಲಿ ಅವರಿಗೆ ಪಾಠ ಇತ್ತು, ತೋಟ ಇತ್ತು, ಕುದುರೆ ಸವಾರಿ ಇತ್ತು. 1879ರಲ್ಲಿ ಒಂದು ಚೆಂದದ ನಾಟಕಶಾಲೆಯನ್ನೇ ಕಟ್ಟಿಸಿದರು. ಅನುಕರಣೆ ಈ ಮಕ್ಕಳಿಗೆ ಸಹಜವಾಗಿ ಬರುತ್ತೆ ಅಂತ 1866ರಲ್ಲಿ ಬರೆದಿದ್ದವರು ಅದಕ್ಕೊಂದು ವೇದಿಕೆಯನ್ನೂ ಒದಗಿಸಿದರು. ಆ ನಾಟಕಶಾಲೆ ಇಂದಿಗೂ ಇದೆ.

ಡೌನ್ ಅವರ ಇನ್ನೊಂದು ನಿಲುವನ್ನ ನಮ್ಮ ಕ್ಲಬ್ಬಿನ ಹುಡುಗಿಯರು ಬಿಡದೆ ಸೇರಿಸಿ ಅಂದಿದ್ದಾರೆ. ಹೆಣ್ಣುಮಕ್ಕಳು ಹೆಚ್ಚು ಓದಿದರೆ ಮುಂದೆ ಅವರಿಗೆ ಬುದ್ಧಿಮಾಂದ್ಯ ಮಕ್ಕಳು ಹುಟ್ಟುತ್ತವೆ ಅನ್ನೋ ಮಾತು ಆಗಿನ ವೈದ್ಯರಲ್ಲೂ ಇತ್ತು. ಡೌನ್ ಅದನ್ನ ಒಪ್ಪಲಿಲ್ಲ. ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಪರವಾಗಿ ನಿಂತರು.

ಅವರ ಕೊನೆಯ ದಶಕದಲ್ಲಿ ಒಂದು ಕಾಕತಾಳೀಯ ನಡೆಯಿತು. 1886ರಲ್ಲಿ ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಶ್‌ಸ್ಪ್ರುಂಗ್ ಬರ್ಲಿನ್ನಿನ ಸಭೆಯೊಂದರಲ್ಲಿ, ದೊಡ್ಡಕರುಳು ಉಬ್ಬಿ, ಮಲಬದ್ಧತೆಯಿಂದ ಸತ್ತ ಶಿಶುಗಳ ಬಗ್ಗೆ ವಿವರಿಸಿದರು. 1887ರಲ್ಲಿ ಡೌನ್ ತಮ್ಮ ಜೀವಮಾನದ ಅನುಭವವನ್ನೆಲ್ಲ ಲಂಡನ್‌ನಲ್ಲಿ ಉಪನ್ಯಾಸಗಳಾಗಿ ಕೊಟ್ಟು, ಅದೇ ವರ್ಷ ಪುಸ್ತಕವಾಗಿ ತಂದರು. ಅದೇ 1887ರ ಅಕ್ಟೋಬರಲ್ಲಿ, ಅದೇ ಲಂಡನ್‌ನಲ್ಲಿ, ಸ್ಯಾಮ್ಯುಯೆಲ್ ಗೀ ಅನ್ನೋ ವೈದ್ಯರು ಸೀಲಿಯಾಕ್ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟು, ಇದಕ್ಕೆ ಮದ್ದು ಇದ್ದರೆ ಅದು ಆಹಾರದಲ್ಲೇ ಇರಬೇಕು ಅಂದರು. ಮೂವರೂ ಮೂರು ಬೇರೆ ವಿಷಯ ಹೇಳ್ತಿದ್ದೀವಿ ಅಂದುಕೊಂಡಿದ್ದರು. ಆದರೆ ಹಿರ್ಶ್‌ಸ್ಪ್ರುಂಗ್ ಕಾಯಿಲೆ, ಸೀಲಿಯಾಕ್ ಕಾಯಿಲೆ ಎರಡೂ ಡೌನ್ ಸಿಂಡ್ರೋಮ್ ಇರುವವರಲ್ಲಿ ಬೇರೆಯವರಿಗಿಂತ ಬಹಳ ಹೆಚ್ಚು ಅನ್ನೋದು ಈಗ ನಮಗೆ ಗೊತ್ತು. ಸೀಲಿಯಾಕ್ ಸಾಮಾನ್ಯವಾಗಿ 100ರಲ್ಲಿ ಒಬ್ಬರ ಆಸುಪಾಸು, ಡೌನ್ ಸಿಂಡ್ರೋಮ್ ಇದ್ದರೆ 100ರಲ್ಲಿ ಐವರ ಆಸುಪಾಸು. ಗೋಧಿಯ ಗ್ಲುಟೆನ್ ಒಗ್ಗದೆ ಸಣ್ಣಕರುಳು ಕೆಡೋ ಕಾಯಿಲೆ ಅದು. ಅಕ್ಕಿ, ರಾಗಿ, ಜೋಳದಲ್ಲಿ ಆ ತೊಂದರೆ ಇಲ್ಲ.

ಇದನ್ನೆಲ್ಲ ಜೋಡಿಸೋ ಕಾಲ ಬರೋ ಮುಂಚೆಯೇ ಡೌನ್ ಹೋದರು. 1896ರ ಅಕ್ಟೋಬರ್ 7ರಂದು, 67ನೇ ವಯಸ್ಸಲ್ಲಿ. ನಾಲ್ಕು ವರ್ಷದ ನಂತರ ಮೇರಿಯೂ ತೀರಿಕೊಂಡರು. ನಾರ್ಮನ್ಸ್‌ಫೀಲ್ಡ್ ಅನ್ನ ಡಾಕ್ಟರಾಗಿದ್ದ ಮಕ್ಕಳಾದ ರೆಜಿನಾಲ್ಡ್ ಮತ್ತು ಪರ್ಸಿವಲ್ ಮುಂದುವರಿಸಿದರು. 1905ರಲ್ಲಿ ರೆಜಿನಾಲ್ಡ್‌ಗೆ ಒಬ್ಬ ಮಗ ಹುಟ್ಟಿದ. ಅಜ್ಜನ ಹೆಸರನ್ನೇ ಇಟ್ಟರು, ಜಾನ್. ಆ ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು. ಮರುವರ್ಷವೇ ರೆಜಿನಾಲ್ಡ್ ಒಂದು ಲೇಖನ ಬರೆದು, ಮಂಗೋಲಿಯನ್ನರ ಜೊತೆಗಿನ ಹೋಲಿಕೆ ಆಕಸ್ಮಿಕ, ಮೇಲುಮೇಲಿನದು ಅಂತ ಅಪ್ಪನ ವರ್ಗೀಕರಣವನ್ನ ಪಕ್ಕಕ್ಕಿಟ್ಟರು.

ನಿಜವಾದ ಕಾರಣ ಸಿಕ್ಕಿದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ. ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೆ, ರೇಮಂಡ್ ಟರ್ಪಿನ್ ಸೇರಿ, ಈ ಮಕ್ಕಳ ಜೀವಕೋಶದಲ್ಲಿ 46ರ ಬದಲು 47 ವರ್ಣತಂತು ಇದೆ ಅಂತ ಪ್ರಕಟಿಸಿದರು. ಹೆಚ್ಚಾಗಿರೋದು 21ನೆಯದು. ಜನಾಂಗವೂ ಅಲ್ಲ, ಕ್ಷಯವೂ ಅಲ್ಲ, ಅಡುಗೆ ಪುಸ್ತಕದ ಒಂದು ಅಧ್ಯಾಯಕ್ಕೆ ಎರಡರ ಬದಲು ಮೂರು ಪ್ರತಿ. 1961ರಲ್ಲಿ ಕೆಲವು ವಿಜ್ಞಾನಿಗಳು ಹಳೆಯ ಹೆಸರು ಬಿಡಿ ಅಂತ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. 1965ರಲ್ಲಿ ಮಂಗೋಲಿಯಾದ ಪ್ರತಿನಿಧಿಗಳ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನ ಕೈಬಿಟ್ಟಿತು. ಡೌನ್ ಸಿಂಡ್ರೋಮ್ ಅನ್ನೋ ಹೆಸರು ನಿಂತಿತು.

ಕತೆ ಮುಗೀತಾ? ಇಲ್ಲ. ಮೂರು ಪ್ರತಿ ಇದ್ದರೆ ಎಲ್ಲಾ ಒಂದೂವರೆ ಪಟ್ಟು ಅಂತ ಲೆಕ್ಕ ಹಾಕಿ ಕೈತೊಳೆದುಕೊಳ್ಳೋಕೆ ಆಗಲ್ಲ. ಹಿರ್ಶ್‌ಸ್ಪ್ರುಂಗ್ ಕಾಯಿಲೆಯನ್ನೇ ನೋಡಿ. ಭ್ರೂಣ ಬೆಳೆಯುವಾಗ ಕರುಳಿನ ನರಕೋಶಗಳು ಕತ್ತಿನ ಹತ್ತಿರದಿಂದ ಹೊರಟು, ಕರುಳಿನ ಉದ್ದಕ್ಕೂ ನಡೆದು ಗುದದ್ವಾರದ ತನಕ ಹೋಗಬೇಕು. ದಾರಿಯಲ್ಲಿ ನಿಂತುಬಿಟ್ಟರೆ ಕೊನೆಯ ಭಾಗಕ್ಕೆ ನರವಿಲ್ಲ. ಆ ಭಾಗ ಸಡಿಲವಾಗಲ್ಲ, ಮಲ ಮುಂದೆ ಹೋಗಲ್ಲ, ಹಿಂದಿನ ಕರುಳು ಉಬ್ಬುತ್ತೆ. ಸಾಮಾನ್ಯವಾಗಿ ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತೆ. ಡೌನ್ ಸಿಂಡ್ರೋಮ್ ಇದ್ದರೆ ಹತ್ತಾರು ಪಟ್ಟು ಹೆಚ್ಚು, ಆದರೂ 100ರಲ್ಲಿ ಒಬ್ಬರ ಆಸುಪಾಸು ಅಷ್ಟೇ. ಎಲ್ಲರಿಗೂ ಅದೇ ಮೂರು ಪ್ರತಿ ಇರುವಾಗ ಒಬ್ಬರಿಗೆ ಯಾಕೆ ಬಂತು, 99 ಜನಕ್ಕೆ ಯಾಕಿಲ್ಲ?

ಉತ್ತರದ ಒಂದು ಭಾಗ ಬೇರೆ ಅಧ್ಯಾಯದಲ್ಲಿದೆ. ಈ ನರಕೋಶಗಳ ಪಯಣಕ್ಕೆ ಬೇಕಾದ ರೆಟ್ ಅನ್ನೋ ಜೀನ್ ಇರೋದು 10ನೇ ವರ್ಣತಂತುವಲ್ಲಿ. ಅದರ ಅಕ್ಷರಗಳಿಗಿಂತ, ಅದನ್ನ ಎಷ್ಟು ಓದಬೇಕು ಅಂತ ನಿರ್ಧರಿಸೋ ಪಕ್ಕದ ನಿಯಂತ್ರಣ ಭಾಗದಲ್ಲಿನ ಸಣ್ಣ ವ್ಯತ್ಯಾಸಗಳು ಇಲ್ಲಿ ದೊಡ್ಡ ಪಾತ್ರ ವಹಿಸುತ್ತವೆ. ಇನ್ನೊಂದು ಭಾಗ ಚೀಟಿಗಳಲ್ಲಿದೆ. ಚೀಟಿ ಅಂಟಿಸೋ ಕೆಲಸಕ್ಕೆ ನೆರವಾಗುವ, ಡಿಎನ್‌ಎ ಸುತ್ತು ಬಿಗಿಯೋ ಸಡಿಲವೋ ಅಂತ ನೋಡಿಕೊಳ್ಳುವ ಡಿಎನ್‌ಎಂಟಿ3ಎಲ್, ಎಚ್‌ಎಂಜಿಎನ್1 ಮುಂತಾದ ಕೆಲವು ಜೀನ್‌ಗಳು 21ನೇ ವರ್ಣತಂತುವಿನಲ್ಲೇ ಇವೆ. ಅವೇ ಹೆಚ್ಚಾದಾಗ 21ನೇ ಅಧ್ಯಾಯ ಮಾತ್ರ ಅಲ್ಲ, ಪುಸ್ತಕದ ಬೇರೆ ಬೇರೆ ಕಡೆಯ ಚೀಟಿಗಳೂ ಅದಲುಬದಲಾಗುತ್ತವೆ. ಡೌನ್ ಸಿಂಡ್ರೋಮ್ ಇರುವವರ ಜೀವಕೋಶಗಳಲ್ಲಿ ಮೀಥೈಲ್ ಗುರುತುಗಳು ಎಲ್ಲಾ ವರ್ಣತಂತುಗಳಲ್ಲೂ ಬದಲಾಗಿರೋದು ಕಂಡುಬಂದಿದೆ. ಇದರಲ್ಲಿ ಯಾವ ಬದಲಾವಣೆ ಕರುಳನ್ನ ಕೆಡಿಸುತ್ತೆ ಅನ್ನೋ ಹುಡುಕಾಟ ಈಗ ನಡೀತಿದೆ. 2013ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯ ಇನ್ನೂ ಮುಂದೆ ಹೋಯ್ತು. ಹೆಣ್ಣಿನ ಜೀವಕೋಶ ತನ್ನ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನ ಸುಮ್ಮನಾಗಿಸೋಕೆ ಬಳಸುವ ಜೀನನ್ನ ತಂದು, ಹೆಚ್ಚುವರಿ 21ನೇ ಪ್ರತಿಗೆ ಸೇರಿಸಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅದನ್ನ ಮೌನವಾಗಿಸಿ ತೋರಿಸಿತು. ಅದು ಚಿಕಿತ್ಸೆ ಅಲ್ಲ, ಆದರೆ ಇಡೀ ಅಧ್ಯಾಯದ ಮೇಲೆ ಓದಬೇಡ ಅಂತ ಚೀಟಿ ಅಂಟಿಸಬಹುದು ಅನ್ನೋದಕ್ಕೆ ಸಾಕ್ಷಿ.

ಇದೆಲ್ಲ ಲ್ಯಾಬಿನ ಮಾತಾಯ್ತು. ಮನೆಯ ಮಾತಿಗೆ ಬಂದರೆ, ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಹೊಟ್ಟೆ ಉಬ್ಬರಿಸಿದಾಗ, ಮಲಬದ್ಧತೆ ಬಿಡದೆ ಕಾಡಿದಾಗ, ತೂಕ ಏರದಿದ್ದಾಗ, ಇಂಥ ಮಕ್ಕಳು ಇರೋದೇ ಹೀಗೆ ಅಂತ ಹೇಳಿ ಸುಮ್ಮನಾಗೋರು ಈಗಲೂ ಇದ್ದಾರೆ. ಮಗುವಿಗೆ ಬಾಯಲ್ಲಿ ಹೇಳೋಕೆ ಬರದಿದ್ದರೆ ಕಷ್ಟ ಇನ್ನೂ ಜಾಸ್ತಿ. ಹಿರ್ಶ್‌ಸ್ಪ್ರುಂಗ್‌ಗೆ 1948ರಿಂದಲೇ ಆಪರೇಷನ್ ಇದೆ, ಸೀಲಿಯಾಕ್‌ಗೆ ಪಥ್ಯ ಇದೆ. ಇವು ತಡವಾಗೋದು ಮದ್ದು ಇಲ್ಲದ್ದಕ್ಕಲ್ಲ, ಸಿಂಡ್ರೋಮಿನ ಹೆಸರು ಸಿಕ್ಕ ಕೂಡಲೇ ಹುಡುಕೋದನ್ನ ನಿಲ್ಲಿಸಿದ್ದಕ್ಕೆ. ಈಡಿಯಟ್ ಅನ್ನೋ ಒಂದೇ ಚೀಲದಲ್ಲಿ ಎಲ್ಲರನ್ನೂ ತುಂಬಿದ್ದ ಕಾಲದಲ್ಲಿ, ಚೀಲ ಬಿಚ್ಚಿ ಒಬ್ಬೊಬ್ಬರನ್ನೇ ನೋಡಿದ್ದರಿಂದ ಡೌನ್ ದೊಡ್ಡವರಾದರು. ಅವರು ಎಡವಿದ್ದು, ನೋಡಿದ್ದನ್ನ ಬೇರೆಯವರ ಪಟ್ಟಿಯೊಳಗೆ ತುರುಕಿದಾಗ. ಮುಖದ ಫೋಟೋ ಕೊಟ್ಟರೆ ಸಿಂಡ್ರೋಮ್ ಹೇಳೋ ಮಾಡೆಲ್ ಟ್ರೈನ್ ಮಾಡೋಣ ಅಂತ ಹೊರಡೋ ನಮ್ಮ ಪ್ರಾಜೆಕ್ಟ್ ಬ್ಯಾಚುಗಳಿಗೆ ಇದು ಚೆನ್ನಾಗಿ ಅನ್ವಯಿಸುತ್ತೆ. ಲೇಬಲ್ ಸರಿ ಬಂದ ಮೇಲೂ ಆ ಮಗುವಿನ ಹೊಟ್ಟೆನೋವು ಹಾಗೇ ಉಳಿದಿರುತ್ತೆ.

ಮೊಮ್ಮಗ ಜಾನ್ ವಿಷಯ ಹೇಳಿ ಮುಗಿಸ್ತೀವಿ. ಆತ 1970ರ ತನಕ, 65 ವರ್ಷ ಬದುಕಿದ. ಅವನು ಹುಟ್ಟಿದಾಗ ಅವನ ಸ್ಥಿತಿಗೆ ಅಜ್ಜ ಇಟ್ಟ ತಪ್ಪು ಹೆಸರಿತ್ತು. ಅವನು ಹೋಗೋ ಹೊತ್ತಿಗೆ ಆ ಹೆಸರು ಅಳಿಸಿ, ಆ ಜಾಗದಲ್ಲಿ ಅಜ್ಜನ ಹೆಸರೇ ಬಂದಿತ್ತು.